ದೂರು: ನಮ್ಮ ಫ್ರೇಮ್ ಪೂಲ್‌ಗೆ ಹೊಂದದ ಹೀಟರ್ ಕೊಟ್ಟ ಬಗ್ಗೆ

ಇವರಿಗೆ,
ವ್ಯವಸ್ಥಾಪಕರು,
ಈಜುಕೊಳ ಸಾಮಗ್ರಿ ಮಾರಾಟ ವಿಭಾಗ, ಬೆಂಗಳೂರು

ಮಾನ್ಯರೇ,

ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರ. ನವೆಂಬರ್ ಕೊನೆಯಲ್ಲಿ ನಿಮ್ಮ ಅಂಗಡಿಯಿಂದ 3 ಕಿಲೋವ್ಯಾಟ್‌ನ ಎಲೆಕ್ಟ್ರಿಕ್ ಪೂಲ್ ಹೀಟರ್ ತೆಗೆದುಕೊಂಡೆ. ಬಿಲ್ಲಿನ ಪ್ರತಿ ಜೊತೆಗಿದೆ. ಆಮೇಲೆ ಎರಡು ಸಲ ಫೋನಿನಲ್ಲಿ ದೂರು ಕೊಟ್ಟೆ. ನಿಮ್ಮ ಟೆಕ್ನೀಷಿಯನ್ ಬಂದು, ಪೈಪ್ ಮುಟ್ಟಿ ನೋಡಿ, "ಹೀಟರ್ ಚೆನ್ನಾಗೇ ಕೆಲಸ ಮಾಡ್ತಿದೆ ಸಾರ್" ಅಂತ ಹೇಳಿ ಹೊರಟುಹೋದರು. ಹೀಟರ್ ಕೆಟ್ಟಿಲ್ಲ ಅನ್ನೋದು ನನಗೂ ಗೊತ್ತು. ನಮ್ಮ ಪೂಲ್‌ಗೆ ಇದೇ ಸಾಕು ಅಂತ ಆರಿಸಿಕೊಟ್ಟಿರಲ್ಲ, ದೂರು ಅದರ ಮೇಲೆ.

ನಮ್ಮ ಮನೆಯವರಿಗೆ ಮಂಡಿ ಸವೆದಿದೆ. ಬೆಚ್ಚಗಿನ ನೀರಿನಲ್ಲಿ ದಿನಾ ಅರ್ಧ ಗಂಟೆ ನಡೆಯಿರಿ ಅಂತ ಫಿಸಿಯೋಥೆರಪಿಸ್ಟ್ ಹೇಳಿದರು. ನೆಲ ಅಗೆದು ಕೊಳ ಕಟ್ಟಿಸುವಷ್ಟು ದುಡ್ಡಿಲ್ಲ. ಅದಕ್ಕೇ ಕಾಫಿ ಕಣದ ಪಕ್ಕದಲ್ಲಿ 15 ಅಡಿ ಅಗಲದ, 4 ಅಡಿ ಎತ್ತರದ ಫ್ರೇಮ್ ಪೂಲ್ (ಪೈಪಿನ ಚೌಕಟ್ಟಿನಲ್ಲಿ ನೆಲದ ಮೇಲೇ ನಿಲ್ಲಿಸುವ ಕೊಳ) ಕೂರಿಸಿದೆವು. ಸುಮಾರು 17,000 ಲೀಟರ್ ನೀರು ಹಿಡಿಯುತ್ತದೆ. ಇಷ್ಟನ್ನೂ ನಿಮ್ಮ ಸೇಲ್ಸ್‌ನವರಿಗೆ ಹೇಳಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಲೀಟರ್? ಒಂದು ರಾತ್ರಿಯಲ್ಲಿ ನೀರು 30 ಡಿಗ್ರಿಗೆ ಬರುತ್ತದೆ ಅಂದರು.

ಅದು ಸಾಧ್ಯವೇ ಇರಲಿಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.16 ವ್ಯಾಟ್-ಅವರ್ ಬೇಕು. ಸಾವಿರ ವ್ಯಾಟ್-ಅವರ್ ಅಂದರೆ ಒಂದು ಯೂನಿಟ್, ಹಾಗಾಗಿ 17,000 ಲೀಟರಿಗೆ ಡಿಗ್ರಿಗೆ ಸುಮಾರು 20 ಯೂನಿಟ್ ಆಯಿತು. ಡಿಸೆಂಬರ್‌ನಲ್ಲಿ ನಮ್ಮ ನೀರು 20 ಡಿಗ್ರಿ ಇರುತ್ತದೆ. 30ಕ್ಕೆ ತರಲು 200 ಯೂನಿಟ್ ಬೇಕು. ಸ್ವಲ್ಪವೂ ಶಾಖ ಸೋರದಿದ್ದರೂ ನಿಮ್ಮ ಹೀಟರಿಗೆ 66 ಗಂಟೆ ಹಿಡಿಯುತ್ತದೆ. ಅದೂ 230 ವೋಲ್ಟ್ ಬಂದರೆ! ನಮ್ಮ ಲೈನಿನಲ್ಲಿ ಸಂಜೆ 190 ದಾಟುವುದಿಲ್ಲ. ಅಷ್ಟು ವೋಲ್ಟೇಜಿನಲ್ಲಿ 3 ಕಿಲೋವ್ಯಾಟ್ ಹೀಟರ್ ಬರೀ 2 ಕಿಲೋವ್ಯಾಟ್ ಕೊಡುತ್ತದೆ. ವೋಲ್ಟೇಜ್ ಎಷ್ಟು ಅಂತ ನೀವು ಯಾರೂ ಕೇಳಲಿಲ್ಲ.

ಐದು ದಿನ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ನೀರಿಗೆ ಬಿಟ್ಟಿದ್ದೆ. ಬೆಳಿಗ್ಗೆ 20, ಸಂಜೆ 23, ಮರುದಿನ ಬೆಳಿಗ್ಗೆ ಮತ್ತೆ 22. ಒಂದು ದಿನವೂ 24 ದಾಟಲಿಲ್ಲ. ಮೂರನೇ ದಿನ ನಮ್ಮ ಮನೆಯವರು ಏಣಿ ಹಿಡಿದುಕೊಂಡು ಮೆಲ್ಲಗೆ ಇಳಿದರು. ನೀರು ಮಂಡಿಗೆ ತಾಗಿದ ಕೂಡಲೇ ಕಾಲು ಸೆಟೆದುಕೊಂಡಿತು. ಹತ್ತಿಸಿಕೊಳ್ಳಲು ಇಬ್ಬರು ಬೇಕಾಯಿತು. ಆವತ್ತಿನಿಂದ ಅವರು ಪೂಲ್ ಹತ್ತಿರ ಹೋಗಿಲ್ಲ. ಕರೆಂಟ್ ಬಿಲ್ಲಿಗಿಂತ ನನಗೆ ಇದೇ ಜಾಸ್ತಿ ನೋವು.

ಮುಚ್ಚಳದ ಮಾತನ್ನೂ ನೀವು ಎತ್ತಲಿಲ್ಲ. ಬಚ್ಚಲ ಹಂಡೆಗೆ ಮುಚ್ಚಳ ಇಡದೆ ನೀರು ಕಾಯಿಸುವವರು ನಮ್ಮೂರಲ್ಲಿ ಯಾರೂ ಇಲ್ಲ. ತೆರೆದ ಪೂಲ್‌ನಿಂದ ಅತಿ ಹೆಚ್ಚು ಶಾಖ ಹೋಗುವುದು ನೀರು ಆವಿಯಾಗುವುದರಿಂದ, ಗಾಳಿ ಬೀಸಿದರೆ ಇನ್ನೂ ಬೇಗ. ನಾನೇ ಕಾಫಿ ಮುಚ್ಚುವ ಟಾರ್ಪಾಲಿನ್ ಹಾಸಿ ನೋಡಿದೆ. ಹೀಟರ್ ಆಫ್ ಮಾಡಿದ ರಾತ್ರಿ 2 ಡಿಗ್ರಿ ಇಳಿಯುತ್ತಿದ್ದದ್ದು ಒಂದು ಡಿಗ್ರಿಯೂ ಇಳಿಯಲಿಲ್ಲ. ಬಬಲ್ ಕವರ್ (ನೀರಿನ ಮೇಲೆ ತೇಲುವ, ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ ಹೊದಿಕೆ) ಅನ್ನು ಹೀಟರಿಗಿಂತ ಮೊದಲು ಮಾರಬೇಕಿತ್ತು, ಅಲ್ವಾ?

ಹೀಟ್ ಪಂಪ್ ಇದೆ ಅಂತಲೂ ಹೇಳಲಿಲ್ಲ. ಅದು ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ನಾಲ್ಕು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಬೆಳಗಿನ ಚಳಿಯಲ್ಲಿ ಕಡಿಮೆಯಾಗುತ್ತದೆ, ಆದರೆ ಮಧ್ಯಾಹ್ನ ಓಡಿಸಿಕೊಳ್ಳಬಹುದು. ಸೋಲಾರ್ ಕೂಡ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮಲ್ಲಿ ನಡೆಯುತ್ತದೆ. ತೋಟದಲ್ಲಿ ಬಿಸಿಲಿಗೆ ಬಿದ್ದ ಕಪ್ಪು ಪೈಪಿನಿಂದ ಮೊದಲು ಬರುವ ನೀರು ಕೈ ಸುಡುತ್ತದೆ. ಮಳೆಗಾಲಕ್ಕೆ ಮಾತ್ರ ಅದು ಆಗದು.

ಇನ್ನೊಂದು ಮಾತು. ಫಿಟ್ ಮಾಡಲು ಬಂದವರು ಹೀಟರನ್ನು ಪಂಪ್‌ಹೌಸಿನ ಪ್ಲಗ್ಗಿಗೆ ಸಿಕ್ಕಿಸಿ ಹೋದರು. ಅರ್ಥಿಂಗ್ ಪರೀಕ್ಷಿಸಲಿಲ್ಲ, ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇದೆಯಾ ಅಂತ ನೋಡಲಿಲ್ಲ. ನಮ್ಮೂರ ಎಲೆಕ್ಟ್ರಿಷಿಯನ್ ಅದನ್ನು ನೋಡಿ ಗಾಬರಿಯಾಗಿ ಮೊದಲು ಮೇನ್ ಆಫ್ ಮಾಡಿದ. ಆಮೇಲೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿ, ಹೊಸ ಅರ್ಥಿಂಗ್ ಮಾಡಿದ. ನೀರಿನಲ್ಲಿ ಮನುಷ್ಯರು ನಿಲ್ಲುತ್ತಾರೆ. ಇದನ್ನು ಸುಮ್ನೆ ಬಿಡಲು ನನ್ನಿಂದ ಆಗದು.

ಈ ಹೀಟರನ್ನು ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ. ಇಲ್ಲವೇ ಅದೇ ಹಣ ಹಿಡಿದುಕೊಂಡು, ನಮ್ಮ ವೋಲ್ಟೇಜ್, ಗಾಳಿ, ಪೈಪಿನ ಅಳತೆ ಎಲ್ಲವನ್ನೂ ಸ್ಥಳಕ್ಕೆ ಬಂದು ನೋಡಿ, ಹೊಂದುವ ಹೀಟ್ ಪಂಪ್ ಮತ್ತು ಕವರ್ ಕೊಡಿ. ವ್ಯತ್ಯಾಸದ ಹಣ ನಾನು ಕೊಡುತ್ತೇನೆ. ಎಷ್ಟು ದಿನದಲ್ಲಿ ನೀರು 30 ಡಿಗ್ರಿಗೆ ಬರುತ್ತದೆ ಅಂತ ಈ ಸಲ ಬರವಣಿಗೆಯಲ್ಲಿ ಬೇಕು. ಆರ್‌ಸಿಸಿಬಿ ಮತ್ತು ಅರ್ಥಿಂಗ್ ಖರ್ಚಿನ ರಸೀದಿಯನ್ನೂ ಲಗತ್ತಿಸಿದ್ದೇನೆ.

15 ದಿನದಲ್ಲಿ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ದಿನದ ಥರ್ಮಾಮೀಟರ್ ಫೋಟೋಗಳು ನನ್ನ ಬಳಿ ಇವೆ. ಬರುವ ಮೊದಲು ಒಂದು ಫೋನ್ ಮಾಡಿ, ಕೊಯ್ಲಿನ ಸಮಯ, ತೋಟದಲ್ಲಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ