ನಾಳೆಯಲ್ಲ, ನಾಡಿದ್ದು: ವಿದೇಶಿ ವಿದ್ಯಾರ್ಥಿಗಳು ಮತ್ತು ನಮ್ಮ ತರಗತಿಗಳು

ಸಂಪಾದಕರಿಗೆ,

ಮಾನ್ಯರೇ,

ಕಾಲೇಜುಗಳಲ್ಲಿ ಸಾಂಪ್ರದಾಯಿಕ ಉಡುಗೆಯ ದಿನ ಮುಗಿದ ಮರುದಿನ ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಒಂದು ಚಿತ್ರ ತಪ್ಪದೆ ಬರುತ್ತದೆ: ಮೈಸೂರು ಪೇಟ ತೊಟ್ಟ ಇಬ್ಬರು ಆಫ್ರಿಕನ್ ಯುವಕರು, ರೇಷ್ಮೆ ಸೀರೆ ಉಟ್ಟ ಒಬ್ಬ ಇರಾನಿ ಯುವತಿ, ಕೆಳಗೆ ಕನ್ನಡದ ಕಂಪನ್ನು ಸವಿದ ವಿದೇಶಿಯರು ಎಂಬ ಬಗೆಯ ಒಂದು ಸಾಲು. ಆ ಚಿತ್ರದ ಬಗ್ಗೆ ನನ್ನ ತಕರಾರಿಲ್ಲ. ಮೈಸೂರಿನ ಒಂದು ಕಾಲೇಜಿನ ಸ್ನಾತಕೋತ್ತರ ವಿಭಾಗದಲ್ಲಿ ಬಹುಕಾಲ ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಹೇಳಬೇಕೆನಿಸಿರುವುದು, ಚಿತ್ರ ತೆಗೆಸಿಕೊಂಡವರು ಮರುದಿನ ತರಗತಿಗೆ ಬಂದು ಎಲ್ಲಿ ಕೂರುತ್ತಾರೆ ಎಂಬುದರ ಬಗ್ಗೆ. ಅವರು ಕೂರುವುದು ಕೊನೆಯ ಬೆಂಚಿನಲ್ಲಿ, ತಮ್ಮ ದೇಶದವರ ಪಕ್ಕದಲ್ಲಿ. ತಮ್ಮ ದೇಶದವರು ಯಾರೂ ಇಲ್ಲದಿದ್ದರೆ ಒಬ್ಬರೇ.

ಇದು ನಾಲ್ಕಾರು ಮಂದಿಯ ಮಾತಲ್ಲ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2018–19ರ ವರದಿಯ ಪ್ರಕಾರ ದೇಶದಲ್ಲಿ ಓದುತ್ತಿದ್ದ 47,427 ವಿದೇಶಿ ವಿದ್ಯಾರ್ಥಿಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಕರ್ನಾಟಕದಲ್ಲಿದ್ದರು. ಬೇರಾವ ರಾಜ್ಯದಲ್ಲೂ ಅಷ್ಟು ಮಂದಿ ಇರಲಿಲ್ಲ. 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) ವಿದೇಶಿ ವಿದ್ಯಾರ್ಥಿಗಳಿಗಾಗಿ ಶೇ 25ರವರೆಗೆ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಿಕೊಳ್ಳಲು ಶಿಕ್ಷಣ ಸಂಸ್ಥೆಗಳಿಗೆ ಅವಕಾಶ ಕೊಟ್ಟಿತು. ಅದಕ್ಕೂ ಮೊದಲೇ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇಂಥ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಯಲ್ಲೂ ಅವರನ್ನು ಬರಮಾಡಿಕೊಂಡು ನೆರವಾಗಲೆಂದೇ ಒಂದು ಕಚೇರಿ ಇರಬೇಕೆಂದು ಹೇಳಿತ್ತು. ಸೀಟಿನ ಸುತ್ತೋಲೆಯನ್ನು ಓದುವ ಆಸಕ್ತಿ ಕಚೇರಿಯ ಮಾತಿಗೆ ಬಂದಾಗ ಇರುವುದಿಲ್ಲ ಎಂಬುದು ನನ್ನ ಅನುಭವ. ಆದರೆ ಕಚೇರಿಗಳ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ಮೊದಲು ಅಧ್ಯಾಪಕರಾದ ನಾವು ಮಾಡುವ ತಪ್ಪನ್ನು ಹೇಳಬೇಕು, ಅದರಲ್ಲೂ ನಾನು ಮಾಡಿದ್ದನ್ನು.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಸುಡಾನಿನ ಒಬ್ಬ ವಿದ್ಯಾರ್ಥಿ ಇದ್ದ. ಒಂದು ದಿನ ಬೆಲ್ ಹೊಡೆದ ಮೇಲೆ, ಎಲ್ಲರೂ ಎದ್ದು ನಿಂತಿದ್ದಾಗ, “ಇಂಟರ್ನಲ್ ಟೆಸ್ಟು ನಾಳೆಯಲ್ಲ, ನಾಡಿದ್ದು” ಎಂದು ಕನ್ನಡದಲ್ಲಿ ಹೇಳಿ ಹೊರಟೆ. ಮೊಬೈಲ್ ರಿಪೇರಿ ಅಂಗಡಿಯವನು ದಿನವೂ ಹೇಳುತ್ತಿದ್ದುದರಿಂದ ಆ ಹುಡುಗನಿಗೆ ‘ನಾಳೆ’ ಗೊತ್ತಿತ್ತು, ‘ನಾಡಿದ್ದು’ ಗೊತ್ತಿರಲಿಲ್ಲ. ಆತ ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ಪೆನ್ನು ಹಿಡಿದುಕೊಂಡು ಬಂದು, ಖಾಲಿ ಕೊಠಡಿಯಲ್ಲಿ ಹನ್ನೊಂದು ಗಂಟೆಯವರೆಗೆ ಕೂತಿದ್ದ. ಪರೀಕ್ಷೆ ತಪ್ಪಿಹೋಯಿತೆಂದು ಭಾವಿಸಿ ಅದರ ಮರುದಿನ ಬರಲೇ ಇಲ್ಲ. ನಾನು ಗೈರುಹಾಜರಿ ಎಂದು ಬರೆದು ಸೊನ್ನೆ ಹಾಕಿದೆ. ನಡೆದದ್ದು ತಿಳಿದದ್ದು ಮೂರು ವಾರಗಳ ನಂತರ, ಅದೂ ಆತ ಹೇಳಿದ್ದರಿಂದಲ್ಲ. ಅಂದು ಕೊಠಡಿ ಗುಡಿಸಲು ಬಂದಿದ್ದ ಅಟೆಂಡರ್ ಹೇಳಿದ್ದರಿಂದ.

ಅದೇ ವಿದ್ಯಾರ್ಥಿಯ ಪಾಸ್‌ಪೋರ್ಟಿನಲ್ಲಿ ನಾಲ್ಕು ಹೆಸರುಗಳಿದ್ದವು. ಸುಡಾನಿನವರಲ್ಲಿ ತನ್ನ ಹೆಸರಿನ ನಂತರ ತಂದೆ, ಅಜ್ಜ, ಮುತ್ತಜ್ಜನ ಹೆಸರುಗಳು ಸಾಲಾಗಿ ಬರುತ್ತವೆ. ನಮ್ಮ ಹಾಜರಿ ಪುಸ್ತಕ ಅವುಗಳಲ್ಲಿ ಕೊನೆಯದನ್ನು ಎತ್ತಿಕೊಂಡಿದ್ದರಿಂದ ನಾವೆಲ್ಲ ಎರಡು ಸೆಮಿಸ್ಟರ್ ಕಾಲ ಆತನನ್ನು ಮುತ್ತಜ್ಜನ ಹೆಸರಿನಿಂದ ಕರೆದೆವು, ಆತ ಓಗೊಟ್ಟ. ಇನ್ನು ಹೆಸರು ನಾಲಿಗೆಗೆ ಹೊರಳುವುದಿಲ್ಲವೆಂದು ‘ಯೆಮೆನ್’, ‘ಕೆನ್ಯಾ’ ಎಂದು ದೇಶವನ್ನೇ ಕೂಗುವ ಅಧ್ಯಾಪಕರೂ ಇದ್ದಾರೆ. ಅದರಲ್ಲಿ ದುರುದ್ದೇಶವಿಲ್ಲ, ಸೋಮಾರಿತನವಿದೆ.

ತರಗತಿಯಲ್ಲಿ ಇಂಗ್ಲಿಷನ್ನಷ್ಟೇ ಬಳಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನನ್ನ ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳು ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದನ್ನು, ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳದೆ ಮುಂದಕ್ಕೆ ಹೋದರೆ ಅವರಿಗೆ ದ್ರೋಹ ಮಾಡಿದಂತೆ. ಆದರೆ ನನಗೆ ಬಹಳ ತಡವಾಗಿ ಹೊಳೆದದ್ದೆಂದರೆ, ಎಚ್.ಡಿ. ಕೋಟೆಯ ಹುಡುಗಿಗೂ ಸುಡಾನಿನ ರಾಜಧಾನಿ ಖಾರ್ಟೂಮಿನ ಹುಡುಗನಿಗೂ ಇಂಗ್ಲಿಷ್ ಒಂದೇ ರೀತಿಯಲ್ಲಿ ಪರಭಾಷೆ ಎಂಬುದು. ಇಬ್ಬರೂ ವಾಕ್ಯವನ್ನು ಮನಸ್ಸಿನೊಳಗೆ ಕಟ್ಟಿಕೊಂಡು, ತಪ್ಪಾದೀತೆಂದು ಹೆದರಿ, ಬಾಯಿ ತೆರೆಯುವಷ್ಟರಲ್ಲಿ ಪಾಠ ಮುಂದಕ್ಕೆ ಹೋಗಿರುತ್ತದೆ. ಇವರಿಬ್ಬರನ್ನು ನಾವು ಎರಡು ಬೇರೆ ಬೇರೆ ಸಮಸ್ಯೆಗಳೆಂದು ನೋಡುತ್ತ ಬಂದಿದ್ದೇವೆ.

ಹಾಗಾಗಿ ಮುಂದಿನ ಸೆಮಿಸ್ಟರಿನಲ್ಲಿ ಸೆಮಿನಾರಿಗೆ ಜೋಡಿಗಳನ್ನು ನಾನೇ ಮಾಡಿದೆ. ಮೊದಲ ವಾರ ಎಲ್ಲರೂ ಮುಖ ಗಂಟಿಕ್ಕಿಕೊಂಡರು; ಗೆಳತಿಯರ ಜೊತೆ ಬಿಡಿ ಎಂದು ಕೇಳಿಕೊಂಡವರೂ ಇದ್ದರು. ಸುಡಾನಿನ ಹುಡುಗ ಮತ್ತು ಕೋಟೆಯ ಹುಡುಗಿಗೆ ಪಡಿತರ ವ್ಯವಸ್ಥೆಯ ವಿಷಯ ಬಂತು. ಹೆಬ್ಬೆಟ್ಟಿನ ಗುರುತು ಹೊಂದದಿದ್ದರೆ ಏನು ಮಾಡುತ್ತಾರೆ ಎಂದು ಆತ ಕೇಳಿದನಂತೆ. ತನ್ನ ಅಜ್ಜಿಯನ್ನು ನ್ಯಾಯಬೆಲೆ ಅಂಗಡಿಗೆ ಕರೆದೊಯ್ದು, ಸವೆದ ಬೆರಳನ್ನು ತೊಳೆಸಿ, ಸೆರಗಿನಲ್ಲಿ ಒರೆಸಿ, ಯಂತ್ರದ ಮೇಲೆ ಮತ್ತೆ ಮತ್ತೆ ಒತ್ತಿಸುತ್ತಿದ್ದುದನ್ನು ಆಕೆ ತರಗತಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಹೇಳಿದಳು. ಅಲ್ಲಿಯವರೆಗೆ ಆಕೆಯ ಧ್ವನಿ ನನಗೆ ಸರಿಯಾಗಿ ಗೊತ್ತಿರಲಿಲ್ಲ. ನಂತರ ಆತ, 2018ರ ಡಿಸೆಂಬರಿನಲ್ಲಿ ತನ್ನ ದೇಶದಲ್ಲಿ ಬ್ರೆಡ್ಡಿನ ಬೆಲೆ ಏರಿ ಜನ ಬೀದಿಗಿಳಿದದ್ದನ್ನೂ, ನಾಲ್ಕೇ ತಿಂಗಳಲ್ಲಿ ಮೂವತ್ತು ವರ್ಷ ಆಳಿದ್ದ ಒಮರ್ ಅಲ್ ಬಶೀರ್ ಅಧಿಕಾರ ಕಳೆದುಕೊಂಡದ್ದನ್ನೂ ವಿವರಿಸಿದ. ಸಬ್ಸಿಡಿಯ ಮೇಲೆ ನಾನು ಅಷ್ಟು ವರ್ಷ ಮಾಡಿದ ಪಾಠಗಳಲ್ಲಿ ಯಾವುದನ್ನೂ ಮಕ್ಕಳು ಹಾಗೆ ಕಿವಿಗೊಟ್ಟು ಕೇಳಿರಲಿಲ್ಲ.

ಈ ಕೆಲಸಕ್ಕೆ ಹಣ ಬೇಕಿಲ್ಲ. ಆದರೆ ಅದು ತಾನಾಗಿಯೇ ಆಗುವುದೂ ಇಲ್ಲ. ಗುಂಪು ಮಾಡಿಕೊಳ್ಳಿ ಎಂದು ವಿದ್ಯಾರ್ಥಿಗಳಿಗೇ ಬಿಟ್ಟರೆ ಊರಿನವರು ಊರಿನವರೊಂದಿಗೆ, ಹಾಸ್ಟೆಲಿನವರು ಹಾಸ್ಟೆಲಿನವರೊಂದಿಗೆ ಸೇರಿಕೊಂಡು, ಉಳಿದ ವಿದೇಶಿಯರೆಲ್ಲ ಒಂದು ಗುಂಪಾಗುತ್ತಾರೆ. ಜೋಡಿ ಮಾಡುವುದು ಅಧ್ಯಾಪಕರ ಕೆಲಸವೆಂದೂ, ಅದಕ್ಕೆ ಆಂತರಿಕ ಅಂಕಗಳಲ್ಲಿ ಒಂದು ಪಾಲು ಇರಬೇಕೆಂದೂ ವಿಶ್ವವಿದ್ಯಾಲಯಗಳು ನಿಯಮದಲ್ಲೇ ಸೇರಿಸಬೇಕೆಂದು ನನ್ನ ಕೋರಿಕೆ. ದಸರಾ ಸಮಯದಲ್ಲಿ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುವ, ಕಾಲೇಜು ತಂಡಗಳು ಕುಣಿಯುವ ಯುವ ಸಂಭ್ರಮಕ್ಕೂ ಇದೇ ಮಾತು: ವಿದೇಶಿಯರದ್ದೊಂದು ಪ್ರತ್ಯೇಕ ನೃತ್ಯ ಎಂದು ಕೊನೆಗೆ ಸೇರಿಸುವ ಬದಲು ಕಾಲೇಜಿನ ತಂಡದಲ್ಲೇ ಅವರಿರಲಿ.

ಕ್ಯಾಂಪಸ್ಸಿನ ಹೊರಗಿನ ಮಾತು ಇನ್ನೂ ಕಹಿ. 180 ದಿನಗಳಿಗೂ ಹೆಚ್ಚಿನ ವೀಸಾ ಪಡೆದು ಬಂದ ವಿದ್ಯಾರ್ಥಿ 14 ದಿನಗಳೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಅದಕ್ಕೆ ವಿಳಾಸದ ಪುರಾವೆ ಬೇಕು, ವಿಳಾಸ ಬೇಕಾದರೆ ಮನೆ ಸಿಗಬೇಕು. ಮನೆ ಬಾಡಿಗೆಗೆ ಕೊಟ್ಟವರು 24 ಗಂಟೆಗಳೊಳಗೆ ಆನ್‌ಲೈನಿನಲ್ಲಿ ಮಾಹಿತಿ ತುಂಬಬೇಕು. ‘ಸಿ ಫಾರಂ’ ಎಂದು ಜನ ರೂಢಿಯಲ್ಲಿ ಕರೆಯುತ್ತ ಬಂದ ಆ ಫಾರಂನ ಹೆಸರು ಕೇಳಿಯೇ ನಮ್ಮ ಬಡಾವಣೆಯ ಹಿರಿಯರು ಪೊಲೀಸರ ಉಸಾಬರಿ ಬೇಡವೆಂದು ಬ್ರೋಕರಿಗೆ ಹೇಳಿಬಿಡುತ್ತಾರೆ. ಇದೇ ಹಿರಿಯರು ಮಗನಿಗೆ ಜರ್ಮನಿಯಲ್ಲಿ ಕೋಣೆ ಸಿಗುವವರೆಗೆ ನಿದ್ದೆ ಮಾಡಿರುವುದಿಲ್ಲ, ಅಲ್ಲಿನ ಕನ್ನಡ ಕೂಟದವರಿಗೆ ರಾತ್ರಿಯೆಲ್ಲ ಫೋನು ಹಚ್ಚಿರುತ್ತಾರೆ. ಫಾರಂ ತುಂಬಿಕೊಡಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಲೇಜಿನಲ್ಲಿ ಒಬ್ಬ ಗುಮಾಸ್ತರನ್ನು ಗೊತ್ತುಮಾಡಿದರೆ ಈ ಹೆದರಿಕೆಯಲ್ಲಿ ಅರ್ಧ ಇಳಿಯುತ್ತದೆ. ಬೆಂಗಳೂರಿನ ಹೊರವಲಯದಲ್ಲಿ 2016ರ ಜನವರಿ ಕೊನೆಯಲ್ಲಿ, ತನಗೆ ಸಂಬಂಧವೇ ಇಲ್ಲದ ಅಪಘಾತವೊಂದರ ನಂತರ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪೊಂದು ಹಲ್ಲೆ ನಡೆಸಿದ್ದನ್ನು ಇಲ್ಲಿನ ಆಫ್ರಿಕನ್ ವಿದ್ಯಾರ್ಥಿಗಳು ಮರೆತಿಲ್ಲ. ಕತ್ತಲಾದ ಮೇಲೆ ಅವರು ಗುಂಪಾಗಿಯೇ ಓಡಾಡುವುದನ್ನು ಸೊಕ್ಕು ಎಂದು ಕರೆಯುವವರು ಇದನ್ನು ನೆನಪಿಡಬೇಕು.

2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ನನ್ನ ವಿದ್ಯಾರ್ಥಿಗೆ ಮನೆಯಿಂದ ಹಣ ಬರುವುದು ನಿಂತಿತು. ವಿದ್ಯಾರ್ಥಿ ವೀಸಾದ ಮೇಲೆ ಇಲ್ಲಿ ದುಡಿಯುವಂತಿಲ್ಲ. ಪರೀಕ್ಷಾ ಶುಲ್ಕಕ್ಕೆ ಕಾಲಾವಕಾಶ ಕೇಳಿ ಪ್ರಾಂಶುಪಾಲರ ಕೊಠಡಿಯ ಮುಂದೆ ಆತನೊಂದಿಗೆ ನಿಂತದ್ದು ಕೋಟೆಯ ಆ ಹುಡುಗಿ ಮತ್ತು ಆಕೆಯ ಹಾಸ್ಟೆಲಿನ ಗೆಳತಿಯರು. ಅವಕಾಶ ಸಿಕ್ಕಿತು.

ಕೊನೆಯದಾಗಿ ಭಾಷೆಯ ವಿಚಾರ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಕನ್ನಡ ಬಾರದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ‘ಬಳಕೆ ಕನ್ನಡ’ ಎಂಬ ಪಠ್ಯವನ್ನು ಇಟ್ಟಿದೆ. ಕಲೆ, ವಾಣಿಜ್ಯ, ವಿಜ್ಞಾನದ ಸ್ನಾತಕೋತ್ತರ ತರಗತಿಗಳಿಗೆ ಬರುವ ವಿದೇಶಿಯರಿಗೂ ಅಂಥದ್ದೊಂದು ಬೇಕು. ಮಾನಸಗಂಗೋತ್ರಿಯಲ್ಲೇ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಿದೆ, ಭಾರತೀಯ ಭಾಷಾ ಸಂಸ್ಥಾನವಿದೆ. ಮೊದಲ ತಿಂಗಳಲ್ಲಿ ಸಂಜೆ ಒಂದೊಂದು ಗಂಟೆಯ ತರಗತಿ ನಡೆಸಲು ಬೇಕಾದ ವಿದ್ವತ್ತು ಇಲ್ಲಿಯೇ ಇದೆ. ವ್ಯಾಕರಣ ಆಮೇಲೆ ಬರಲಿ. ಮೊದಲ ದಿನ ಹಲಗೆಯ ಮೇಲೆ ಮೊನ್ನೆ, ನಿನ್ನೆ, ಇವತ್ತು, ನಾಳೆ, ನಾಡಿದ್ದು ಎಂದು ಬರೆದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕಿ
ಮೈಸೂರು