ಸಮಿತಿಯ 3 ವರ್ಷ: ಎಲ್ಲರಿಗೂ ಮನಸಾರೆ ಥ್ಯಾಂಕ್ಸ್

ನಿನ್ನೆಗೆ ನಮ್ಮ ಸುರಕ್ಷತಾ ಸಮಿತಿಯಲ್ಲಿ ನನ್ನ 3 ವರ್ಷದ ಅವಧಿ ಮುಗಿಯಿತು. ಕೊನೆಯ ಮೀಟಿಂಗ್‌ನಲ್ಲಿ ಎರಡು ಮಾತಾಡಿ ಅಂದಾಗ ಗಂಟಲು ಕಟ್ಟಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಲೆಕ್ಕಪತ್ರ ವಿಭಾಗದವಳು. ಸಮಿತಿಗೆ ನನ್ನ ಹೆಸರು ಸೇರಿಸಿದಾಗ ಇಷ್ಟವಿರಲಿಲ್ಲ. ಇರುವ ಕೆಲಸವೇ ಜಾಸ್ತಿ, ಇದೊಂದು ಯಾಕೆ ಅನ್ನಿಸಿತ್ತು. ಮೊದಲ ಎರಡು ಮೀಟಿಂಗ್‌ನಲ್ಲಿ ಸುಮ್ನೆ ಕೂತು ಎದ್ದು ಬಂದೆ.

ಮೂರನೇ ತಿಂಗಳು ಉಗ್ರಾಣದ ಹಿರಿಯರೊಬ್ಬರು ತಪಾಸಣೆಗೆ ಜೊತೆಗೆ ಕರೆದರು. ಬೆಂಕಿ ಆರಿಸುವ ಪೌಡರ್ ಸಿಲಿಂಡರ್‌ನಲ್ಲಿ ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿಯಲ್ಲಿ ಇರಬೇಕು ಅಂತ ತೋರಿಸಿದರು. ಪಕ್ಕದಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ಗೆ ಮುಳ್ಳೇ ಇರಲಿಲ್ಲ. ‘ಇದರಲ್ಲಿ ಗ್ಯಾಸ್ ಇದೆ ಅಂತ ಹೇಗೆ ಗೊತ್ತಾಗುತ್ತೆ?’ ಅಂದೆ. ‘ತೂಕ ಹಾಕಬೇಕಮ್ಮ’ ಅಂದರು. ಖಾಲಿ ಸಿಲಿಂಡರ್‌ನ ತೂಕವನ್ನು ಅದರ ಮೈಮೇಲೇ ಅಚ್ಚು ಹಾಕಿರುತ್ತಾರೆ. ಒಟ್ಟು ತೂಕದಲ್ಲಿ ಅದನ್ನು ಕಳೆದರೆ ಉಳಿದದ್ದು ಗ್ಯಾಸ್. ಕರೆಂಟ್ ಪ್ಯಾನೆಲ್‌ಗೆ ಬೆಂಕಿ ಹತ್ತಿದರೆ ನೀರು ಹಾಕುವ ಹಾಗಿಲ್ಲ, ಅಲ್ಲಿ ಇಂಥದ್ದೇ ಬೇಕು. 8 ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೆ, ಒಮ್ಮೆಯೂ ನಿಂತು ನೋಡಿರಲಿಲ್ಲ. ಸರ್, ನನಗೆ ನೋಡುವುದನ್ನು ಕಲಿಸಿದವರು ನೀವು.

ಆ ವರ್ಷದ ಡ್ರಿಲ್, ಅಂದರೆ ಬೆಂಕಿ ಬಿದ್ದರೆ ಎಲ್ಲರೂ ಹೊರಗೆ ಬರುವ ಅಭ್ಯಾಸ, ಅದನ್ನು ನಾನು ಮರೆಯುವುದಿಲ್ಲ. ಸೈರನ್ ಆಯಿತು, ಎಲ್ಲರೂ ಹೊರಗೆ ಬಂದೆವು, ಹೆಸರು ಕೂಗಿದೆವು. ಒಬ್ಬರು ಕಡಿಮೆ. ಒಳಗೆ ಹೋಗಿ ನೋಡಿದರೆ ಪ್ಯಾಕಿಂಗ್‌ನ ಸಹೋದ್ಯೋಗಿ ಬಾಗಿಲಿಗೆ ಬೆನ್ನು ಮಾಡಿಕೊಂಡು ಪೆಟ್ಟಿಗೆಗೆ ಟೇಪ್ ಸುತ್ತುತ್ತಿದ್ದರು. ಅವರಿಗೆ ಕಿವಿ ಕೇಳುವುದಿಲ್ಲ. ಅದು ನಿಜವಾದ ಬೆಂಕಿಯಾಗಿದ್ದರೆ?

ಮುಂದಿನ ಮೀಟಿಂಗ್‌ಗೆ ಅವರನ್ನೇ ಕರೆದೆವು. ನಾವು ಹಾಲ್‌ನಲ್ಲಿ ಮಿನುಗುವ ದೀಪ ಹಾಕಿಸೋಣ ಅಂದುಕೊಂಡಿದ್ದೆವು. ಅವರು ಕಾಗದದ ಮೇಲೆ ಬರೆದು ತೋರಿಸಿದರು: ‘ಹಾಲ್‌ನಲ್ಲಾದರೆ ಯಾರಾದರೂ ಮುಟ್ಟಿ ಹೇಳಬಹುದು. ದೀಪ ಟಾಯ್ಲೆಟ್‌ನಲ್ಲೂ ಬೇಕು. ಅಲ್ಲಿ ನಾನೊಬ್ಬಳೇ ಇರುತ್ತೇನೆ.’ ನಮ್ಮಲ್ಲಿ ಯಾರಿಗೂ ಹೊಳೆಯದ ಮಾತು ಅದು. ಬೇಕಾದವರನ್ನೇ ಕೇಳದೆ ಎಷ್ಟೊಂದು ತೀರ್ಮಾನ ಮಾಡಿಬಿಡುತ್ತೇವೆ, ಅಲ್ವಾ?

ಆ ದೀಪಗಳ ಖರ್ಚಿನ ಪತ್ರ ಬರೆದದ್ದು ನಾನು. ಎರಡು ಸಲ ವಾಪಸ್ ಬಂತು. ಮೂರನೇ ಸಲ ಒಪ್ಪಿಗೆ ಸಿಕ್ಕಿತು. ನನ್ನ ಲೆಕ್ಕದ ಕೆಲಸ ಒಬ್ಬರ ಜೀವಕ್ಕೆ ಇಷ್ಟು ಹತ್ತಿರ ಬರಬಹುದು ಅಂತ ಆವತ್ತೇ ನನಗೆ ತಿಳಿದದ್ದು.

ನಮ್ಮ ಕಾರ್ಯದರ್ಶಿಗಳಿಗೆ ಬಹಳ ಋಣಿ. ‘ನೋಡೋಣ’ ಅನ್ನುವ ಪದವನ್ನು ನಡಾವಳಿಯಲ್ಲಿ ಅವರು ಬರೆಯುತ್ತಲೇ ಇರಲಿಲ್ಲ. ಯಾರು ಮಾಡುತ್ತಾರೆ, ಯಾವ ತಾರೀಖಿನೊಳಗೆ, ಇಷ್ಟೇ. ಈಗ ನಮ್ಮ ವಿಭಾಗದಲ್ಲೂ ಹಾಗೇ ಬರೆಯುತ್ತೇವೆ. ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು ಹೆದರದೆ ಬಂದು ಹೇಳಿದ ಎಲ್ಲರಿಗೂ ವಂದನೆ. ನೀವು ಬಾಯಿ ಬಿಡದಿದ್ದರೆ ಆ ಜಾರುವ ಮೆಟ್ಟಿಲು ಹಾಗೇ ಇರುತ್ತಿತ್ತು. ಮೀಟಿಂಗ್ ದಿನಗಳಲ್ಲಿ ನನ್ನ ಬಿಲ್ಲುಗಳನ್ನು ನೋಡಿಕೊಂಡ ಪಕ್ಕದ ಮೇಜಿನ ಗೆಳತಿಗೂ.

ನಿಮ್ಮಲ್ಲಿ ಎಷ್ಟೋ ಜನ ನನಗೆ ಸಂಬಳದ ಪಟ್ಟಿಯ ಹೆಸರುಗಳಾಗಿ ಮಾತ್ರ ಗೊತ್ತಿದ್ದಿರಿ. ಈಗ ಯಾರಿಗೆ ಮೊಣಕಾಲು ನೋವು, ಯಾರು ರಾತ್ರಿ ಪಾಳಿ ಮುಗಿಸಿ ಎಷ್ಟು ದೂರ ಹೋಗಬೇಕು ಅಂತ ಗೊತ್ತು.

ನನ್ನ ಜಾಗಕ್ಕೆ ಪ್ಯಾಕಿಂಗ್‌ನ ಅದೇ ಸಹೋದ್ಯೋಗಿ ಬರುತ್ತಿದ್ದಾರೆ. ನಿನ್ನೆ ಫೈಲ್ ಕೈಗೆ ಕೊಟ್ಟ ತಕ್ಷಣ ಪೆನ್ನು ತೆಗೆದು ಮೊದಲ ಪುಟದಲ್ಲೇ ಬರೆದರು: ‘ಮುಂದಿನ ಡ್ರಿಲ್ ರಾತ್ರಿ ಪಾಳಿಯಲ್ಲಿ.’