ಎರಡು ಪುಟ ಕನ್ನಡ ಬರೆಸಿ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರ.

ನಾನು ಮೈಸೂರಿನಲ್ಲಿ ಕರಡು ತಿದ್ದುವ ಕೆಲಸ ಮಾಡುವವಳು. ಪ್ರೂಫ್ ರೀಡರ್ ಅಂದರೆ ಬೇಗ ಗೊತ್ತಾಗುತ್ತದೆ. 22 ವರ್ಷದಿಂದ ಸಣ್ಣ ಪ್ರಕಾಶನಗಳಿಗೆ, ಪತ್ರಿಕೆಗಳಿಗೆ ಈ ಕೆಲಸ ಮಾಡಿಕೊಡುತ್ತಿದ್ದೇನೆ. ಕಥೆ, ಕಾದಂಬರಿ, ಅಭಿನಂದನ ಗ್ರಂಥ ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಆದರೆ ಮತ್ತೆ ಮತ್ತೆ ಅಚ್ಚಾಗುವುದು ಆರೋಗ್ಯದ ಪುಸ್ತಕಗಳು. ಮನೆಮದ್ದು, ಸಕ್ಕರೆ ಕಾಯಿಲೆ, ಮಂಡಿನೋವು, ಗರ್ಭಿಣಿಯರ ಆರೈಕೆ. ಜಾತ್ರೆಯ ಅಂಗಡಿಯಲ್ಲೂ ಬಸ್ ಸ್ಟ್ಯಾಂಡಿನಲ್ಲೂ ಜನ ದುಡ್ಡು ಕೊಟ್ಟು ಕೊಳ್ಳುವ ಪುಸ್ತಕಗಳು ಇವು. ಇಂಥ ವಿಷಯಗಳನ್ನು ವೈದ್ಯರೇ ಕನ್ನಡದಲ್ಲಿ ಬರೆಯುವಂತೆ ಮಾಡಿ ಎಂದು ಕೇಳಲು ಈ ಪತ್ರ.

ಮೂರು ವರ್ಷದ ಹಿಂದೆ ಥೈರಾಯ್ಡ್ ಬಗ್ಗೆ ಒಂದು ಪುಸ್ತಕದ ಕರಡು ಬಂತು. ಒಂದು ಸಾಲಿನಲ್ಲಿ ‘ಥೈರಾಕ್ಸಿನ್ 50 ಮಿ.ಗ್ರಾಂ’ ಎಂದಿತ್ತು. ಕಾಗುಣಿತ ಸರಿ, ಒತ್ತಕ್ಷರ ಸರಿ. ನಾನು ಮುಂದಿನ ಸಾಲಿಗೆ ಹೋಗಿಯೂ ಆಗಿತ್ತು. ಆದರೆ ನಾನೂ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅದೇ ಮಾತ್ರೆ ನುಂಗುವವಳು. ಯಾಕೋ ಅನುಮಾನ ಬಂತು. ಎದ್ದು ಹೋಗಿ ಮಾತ್ರೆ ಬಾಟಲಿ ತಂದು, ಕನ್ನಡಕ ಸರಿ ಮಾಡಿಕೊಂಡು ಅದರ ಮೇಲಿನ ಸಣ್ಣ ಅಕ್ಷರ ಓದಿದೆ. 50 ಎಂಸಿಜಿ. ಅಂದರೆ ಮೈಕ್ರೋಗ್ರಾಂ. ಮಿಲಿಗ್ರಾಂ ಅಲ್ಲ. ಒಂದಕ್ಕೆ ಸಾವಿರ ಪಟ್ಟು ವ್ಯತ್ಯಾಸ.

ಪ್ರಕಾಶಕರಿಗೆ ಫೋನ್ ಮಾಡಿದೆ. ‘ಸರಿ ಮಾಡಿ ಕೊಟ್ಟುಬಿಡಿ ಮೇಡಂ, ನಾಳೆ ಪ್ರೆಸ್‌ಗೆ ಹೋಗಬೇಕು’ ಎಂದರು. ಬರೆದವರು ವೈದ್ಯರಲ್ಲ, ಅಲ್ಲಿ ಇಲ್ಲಿ ಓದಿ ಒಟ್ಟು ಮಾಡಿದವರು. ಅಚ್ಚಿಗೆ ಹೋಗುವ ಮೊದಲು ಒಬ್ಬ ಡಾಕ್ಟರೂ ಅದನ್ನು ಓದಿರಲಿಲ್ಲ. ಆ ತಪ್ಪಿಗೂ ಓದುಗರಿಗೂ ನಡುವೆ ಇದ್ದವಳು ನಾನೊಬ್ಬಳೇ. ನಾನು ಓದಿದ್ದು ಕನ್ನಡ ಎಂ.ಎ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಸಚಿವರೇ. ಹಿಂದಿನ ವರ್ಷಗಳಲ್ಲಿ ಇಂಥ ಎಷ್ಟು ಸಾಲುಗಳನ್ನು ದಾಟಿ ಹೋಗಿದ್ದೇನೋ ಎಂದು ಲೆಕ್ಕ ಹಾಕುತ್ತಾ ಮಲಗಿದ್ದೆ.

ದಾಟಿ ಹೋದ ಒಂದು ಸಾಲು ಮುಂದೆ ನನ್ನ ಮನೆಗೇ ಬಂತು.

ನನ್ನ ಅಮ್ಮ ನಂಜನಗೂಡಿನ ಹತ್ತಿರದ ಹಳ್ಳಿಯವರು. ಏಳನೇ ಕ್ಲಾಸು ಓದಿದ್ದಾರೆ. ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದುತ್ತಾರೆ. ಕೈಯಲ್ಲಿ ಪೆನ್ಸಿಲ್ ಇರುತ್ತದೆ. ಬೇಕಾದ ಕಡೆ ಗೆರೆ ಎಳೆಯುತ್ತಾರೆ, ಅರ್ಥವಾಗದ ಕಡೆ ಸೊನ್ನೆ ಸುತ್ತುತ್ತಾರೆ. ಅವರಿಗೆ 12 ವರ್ಷದಿಂದ ಶುಗರ್ ಇದೆ, ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುತ್ತಾರೆ. ಒಂದು ಲೇಖನದಲ್ಲಿ ‘ದಿನಾ ಬೆಳಿಗ್ಗೆ ಒಂದು ಲೋಟ ಹಾಗಲಕಾಯಿ ರಸ ಕುಡಿದರೆ ಸಕ್ಕರೆ ಹತೋಟಿಗೆ ಬರುತ್ತದೆ’ ಎಂದಿತ್ತು. ಅಮ್ಮ ಗೆರೆ ಎಳೆದರು. ಶುರು ಮಾಡಿದರು. ಮಾತ್ರೆಯನ್ನೂ ಬಿಡಲಿಲ್ಲ. ಒಂದು ಏಕಾದಶಿಯ ದಿನ ಮಾತ್ರೆ ನುಂಗಿ, ರಸ ಕುಡಿದು, ತಿಂಡಿ ತಿನ್ನದೆ ಇದ್ದರು. ಹತ್ತು ಗಂಟೆ ಹೊತ್ತಿಗೆ ಮೈಯೆಲ್ಲಾ ಬೆವರು, ಕೈ ನಡುಕ. ಮಾತು ತೊದಲುತ್ತಿತ್ತು. ಎಚ್ಚರ ಇತ್ತು, ನುಂಗುವ ಹಾಗಿತ್ತು. ಸಕ್ಕರೆ ನೀರು ಕುಡಿಸಿ ಆಟೋದಲ್ಲಿ ಕರೆದುಕೊಂಡು ಹೋದೆ.

‘ಬೇರೆ ಏನಾದ್ರೂ ತಗೋತಿದ್ದೀರಾ ಅಮ್ಮಾ?’ ಎಂದು ಡಾಕ್ಟರು ಕೇಳಿದರು. ‘ಇಲ್ಲಪ್ಪ’ ಎಂದರು ಅಮ್ಮ. ಬೈತಾರೆ ಅಂತ ಭಯ. ನಾನೇ ಹೇಳಿದೆ. ಖಾಲಿ ಹೊಟ್ಟೆಯಲ್ಲಿ ಈ ಮಾತ್ರೆ ತಗೊಂಡರೆ ಶುಗರ್ ಇಳಿಯುತ್ತದೆ, ಮೇಲೆ ಹಾಗಲ ರಸವೂ ಸೇರಿದರೆ ಇನ್ನಷ್ಟು ಇಳಿಯಬಹುದು ಎಂದು ಅವರು ಸಮಾಧಾನವಾಗಿ ತಿಳಿಸಿದರು. ಮನೆಗೆ ಬಂದ ಮೇಲೆ ಅಮ್ಮ ಆ ಪತ್ರಿಕೆಯ ಪುಟ ತೆಗೆದು ನನ್ನ ಮುಂದೆ ಇಟ್ಟರು. ‘ನೀನೇ ಅಲ್ವೇನೇ ಇದನ್ನ ತಿದ್ದಿದ್ದು?’

ಹೌದು, ನಾನೇ ತಿದ್ದಿದ್ದು. ‘ಹತೋಟಿ’ಗೆ ದೀರ್ಘ ಹಾಕಿದ್ದು ನಾನು. ‘ಮಾತ್ರೆ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಕುಡಿಯಬೇಡಿ’ ಎಂಬ ಒಂದು ಸಾಲು ಅಲ್ಲಿ ಇಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಲೋಪತಿ, ಆಯುರ್ವೇದ, ಯೋಗ ಇವನ್ನು ಸೇರಿಸಿ ಕೊಡುವ ಚಿಕಿತ್ಸೆಯ ಬಗ್ಗೆ ಈಗ ಎಲ್ಲೆಡೆ ಮಾತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಒಂದು ವಿಭಾಗ ಇದೆ. ಆದರೆ ನಮ್ಮ ಮನೆಗಳಲ್ಲಿ ಈ ಸೇರಿಕೆ ಎಂದೋ ಆಗಿಹೋಗಿದೆ. ಒಂದೇ ತಟ್ಟೆಯ ಪಕ್ಕ ಬಿಪಿ ಮಾತ್ರೆಯೂ ಇರುತ್ತದೆ, ಕಷಾಯದ ಲೋಟವೂ ಇರುತ್ತದೆ. ಮಾತ್ರೆಯ ಬಗ್ಗೆ ಬರೆದವರು ಕಷಾಯದ ಸುದ್ದಿಗೆ ಬರುವುದಿಲ್ಲ. ಕಷಾಯದ ಬಗ್ಗೆ ಬರೆದವರು ಮಾತ್ರೆಯ ಹೆಸರೆತ್ತುವುದಿಲ್ಲ. ಎರಡನ್ನೂ ಒಟ್ಟಿಗೆ ತಗೊಳ್ಳುವ ನನ್ನಮ್ಮನಿಗೆ ಅಂತ ಯಾರೂ ಬರೆಯುವುದಿಲ್ಲ.

2020ರ ಕೊರೊನಾ ಕಾಲ ನೆನಪಿಸಿಕೊಳ್ಳಿ. ನಮ್ಮ ಬೀದಿಯಲ್ಲಿ ಅಮೃತಬಳ್ಳಿ ಹಬ್ಬಿಸದ ಕಾಂಪೌಂಡೇ ಇರಲಿಲ್ಲ. 2021ರಲ್ಲಿ ಮುಂಬೈನ ವೈದ್ಯರು, ಅಮೃತಬಳ್ಳಿ ಕಷಾಯ ಕುಡಿದ 6 ಜನರ ಲಿವರ್‌ಗೆ ಪೆಟ್ಟಾದದ್ದನ್ನು ವೈದ್ಯರ ಸಂಶೋಧನೆಗಳು ಅಚ್ಚಾಗುವ ಒಂದು ಜರ್ನಲ್‌ನಲ್ಲಿ ಬರೆದರು. ಕೇಂದ್ರದ ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅದೇ ಜಾತಿಯ ಬೇರೆ ಬಳ್ಳಿಯನ್ನು ಅಮೃತಬಳ್ಳಿ ಎಂದು ತಪ್ಪು ತಿಳಿದಿರಬಹುದು ಎಂದಿತು. ಎರಡೂ ಕೇಳಬೇಕಾದ ಮಾತೇ. ಆದರೆ ಆ ವಾದವೆಲ್ಲ ನಡೆದದ್ದು ಇಂಗ್ಲಿಷ್‌ನಲ್ಲಿ. ನನ್ನ ಮೇಜಿಗೆ ಬಂದ ಕನ್ನಡ ಲೇಖನಗಳಲ್ಲಿ ಒಂದು ‘ಅಮೃತ’ ಎಂದಿತು, ಇನ್ನೊಂದು ‘ವಿಷ’ ಎಂದಿತು. ಯಾವ ಬಳ್ಳಿ, ಗುರುತು ಹಿಡಿಯುವುದು ಹೇಗೆ, ಎಷ್ಟು ಅಳತೆ, ಎಷ್ಟು ದಿನ, ಲಿವರ್ ತೊಂದರೆ ಇರುವವರು ಏನು ಮಾಡಬೇಕು, ಇದನ್ನು ಯಾರೂ ಬರೆಯಲಿಲ್ಲ.

ಔಷಧಿಯ ಜಾಹೀರಾತಿಗೆ 1954ರಿಂದಲೂ ಒಂದು ಕಾಯಿದೆ ಇದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಲಕ್ವ ವಾಸಿ ಮಾಡುತ್ತೇವೆಂದು ಯಾರೂ ಜಾಹೀರಾತು ಕೊಡುವಂತಿಲ್ಲ. ಒಳ್ಳೆಯದೇ. ಆದರೆ ಲೇಖನವಾಗಿ, ಪುಸ್ತಕವಾಗಿ ಬರುವ ಮಾತನ್ನು ಕಾಯಿದೆಯಿಂದ ತಿದ್ದಲು ಆಗುವುದಿಲ್ಲ. ಅದಕ್ಕಿಂತ ಚೆನ್ನಾಗಿ ಬರೆದದ್ದು ಪಕ್ಕದಲ್ಲೇ ಸಿಗಬೇಕು, ಅಷ್ಟೇ.

ಕನ್ನಡದಲ್ಲಿ ವೈದ್ಯ ಬರೆಯುವುದು ಹೊಸದಲ್ಲ. 12ನೇ ಶತಮಾನದಲ್ಲೇ ಜೈನ ಕವಿ ಜಗದ್ದಳ ಸೋಮನಾಥ, ಜೈನ ಆಚಾರ್ಯ ಪೂಜ್ಯಪಾದರ ಸಂಸ್ಕೃತ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದ. ಅದರಲ್ಲಿ ಮಾಂಸ, ಮದ್ಯ ಬೇಡದ ಚಿಕಿತ್ಸೆಯನ್ನೇ ಹೇಳಿದ, ಓದುವವರ ಊಟ ಎಂಥದ್ದು ಅಂತ ಅವನಿಗೆ ಗೊತ್ತಿತ್ತು. 14ನೇ ಶತಮಾನದಲ್ಲಿ ಮಂಗರಾಜ ವಿಷಗಳ ಬಗ್ಗೆಯೇ ದೊಡ್ಡ ಗ್ರಂಥ ಬರೆದ. ದನಗಳ ವೈದ್ಯಕ್ಕೆ ಕೀರ್ತಿವರ್ಮ ಇದ್ದ. ನಮ್ಮ ಕಾಲಕ್ಕೆ ಬಂದರೆ ಡಾ. ಡಿ.ಎಸ್. ಶಿವಪ್ಪನವರು ವೈದ್ಯಕೀಯ ಪದಗಳಿಗೆ ಕನ್ನಡದಲ್ಲಿ ನಿಘಂಟು ಕಟ್ಟಿಕೊಟ್ಟರು. ಡಾ. ಅನುಪಮಾ ನಿರಂಜನರು ಬಸುರಿ ಬಾಣಂತಿಯರಿಗೆ ಅಕ್ಕನ ಹಾಗೆ ಬರೆದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ನೂರಾರು ಪುಸ್ತಕ ಬರೆದು ಎಷ್ಟೋ ಮನೆಗಳ ಹೆದರಿಕೆ ಬಿಡಿಸಿದರು. ಇವರ ಪುಸ್ತಕಗಳ ಮರುಮುದ್ರಣದ ಕರಡು ಬಂದರೆ ನನಗೆ ಹಬ್ಬ. ಇವರೆಲ್ಲ ತಮ್ಮ ನಿದ್ದೆ ಬಿಟ್ಟು, ತಮ್ಮ ಪ್ರೀತಿಯಿಂದ ಬರೆದವರು. ಕಾಲೇಜಿನ ವ್ಯವಸ್ಥೆ ಬರೆಸಿದ್ದಲ್ಲ.

ಆ ವ್ಯವಸ್ಥೆಯ ಬಗ್ಗೆಯೇ ನಾನು ನಿಮ್ಮ ಹತ್ತಿರ ಮಾತಾಡಬೇಕು.

ವೈದ್ಯಕೀಯ ಕಾಲೇಜಿನ ಮೇಷ್ಟ್ರುಗಳ ಬಡ್ತಿಗೆ, ಜಗತ್ತಿನ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟು ಮಾಡಿಡುವ ಪಬ್‌ಮೆಡ್‌ನಂಥ ಪಟ್ಟಿಗಳಲ್ಲಿರುವ ಜರ್ನಲ್‌ಗಳಲ್ಲಿ ಪ್ರಬಂಧ ಅಚ್ಚಾಗಿರಬೇಕು. ಅದು ಬೇಕು, ನಾನು ಬೇಡ ಅನ್ನುವುದಿಲ್ಲ. 1949ರಲ್ಲಿ ಮುಂಬೈನ ಡಾ. ರುಸ್ತುಮ್ ಜಾಲ್ ವಕೀಲ್ ಅವರು ಸರ್ಪಗಂಧದ ಬೇರಿನಿಂದ ರಕ್ತದೊತ್ತಡ ಇಳಿಯುವುದನ್ನು ರೋಗಿಗಳಲ್ಲಿ ಅಳೆದು ನೋಡಿ ಬ್ರಿಟನ್ನಿನ ಹೃದ್ರೋಗ ಜರ್ನಲ್‌ನಲ್ಲಿ ಬರೆದರು. ನಮ್ಮ ಹಿತ್ತಲಿನ ಬೇರನ್ನು ಜಗತ್ತಿನ ಡಾಕ್ಟರುಗಳು ನಂಬಿದ್ದು ಆ ಬರವಣಿಗೆಯಿಂದ. ಆ ಬೇರಿನಿಂದ ತೆಗೆದ ರೆಸರ್ಪಿನ್ ಜಾಸ್ತಿಯಾದರೆ ಮನಸ್ಸು ಕುಗ್ಗಬಹುದು ಎಂದು ಮುಂದೆ ಎಚ್ಚರಿಸಿದ್ದೂ ಅಂಥ ಬರವಣಿಗೆಯೇ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆನೆಕಾಲು ರೋಗಕ್ಕೆ ಚರ್ಮರೋಗ ವೈದ್ಯರೂ ಆಯುರ್ವೇದ ವೈದ್ಯರೂ ಸೇರಿ ಚಿಕಿತ್ಸೆ ಕೊಡುತ್ತಾರೆ. ಸೋಪು ನೀರಿನಲ್ಲಿ ಕಾಲು ತೊಳೆದು, ಗಿಡಮೂಲಿಕೆ ನೀರಿನಲ್ಲಿ ನೆನೆಸಿ, ಯೋಗ ಮಾಡಿಸಿ, ಬಿಗಿಯಾಗಿ ಬ್ಯಾಂಡೇಜ್ ಸುತ್ತುತ್ತಾರೆ. ಕಾಲಿನ ಗಾತ್ರ ಎಷ್ಟು ಇಳಿಯಿತು ಎಂದು ಅಳೆದು ಜರ್ನಲ್‌ಗಳಲ್ಲಿ ಬರೆದಿದ್ದಾರೆ. ಸೇರಿಸಿ ಕೊಡುವ ಚಿಕಿತ್ಸೆ ಎಂದರೆ ಹೀಗಿರಬೇಕು. ಅಳೆಯಬೇಕು, ಬರೆಯಬೇಕು, ತಪ್ಪಿದ್ದರೆ ಬೇರೆಯವರು ಹೇಳುವ ಹಾಗಿರಬೇಕು.

ಆದರೆ ಅದೇ ಮೇಷ್ಟ್ರು ಕನ್ನಡದಲ್ಲಿ ಒಂದು ಒಳ್ಳೆಯ ಲೇಖನ ಬರೆದರೆ ಆ ಬಡ್ತಿಯ ಲೆಕ್ಕದಲ್ಲಿ ಅದಕ್ಕೆ ಸೊನ್ನೆ. ಯಾರು ಬರೆಯುತ್ತಾರೆ ಹೇಳಿ?

ಇನ್ನೊಂದು ಸಂಗತಿ ನನ್ನನ್ನು ತುಂಬಾ ಕಾಡುತ್ತದೆ. ನಮ್ಮ ಬೀದಿಯಲ್ಲಿ ಹೂ ಮಾರುವ ಅಕ್ಕ ಒಬ್ಬರಿದ್ದಾರೆ. ಮಂಡಿನೋವಿಗೆ ಒಂದು ಆಸ್ಪತ್ರೆಗೆ ಹೋದಾಗ, ಓದುತ್ತಿರುವ ಡಾಕ್ಟರೊಬ್ಬರು ತಮ್ಮ ಸಂಶೋಧನೆಗೆ ಸೇರಿಸಿಕೊಂಡರು. ಕನ್ನಡದ ಒಪ್ಪಿಗೆ ಪತ್ರ ಓದಿ ಹೇಳಿ ಸಹಿ ಹಾಕಿಸಿಕೊಂಡರು. ರೋಗಿಗೆ ತಿಳಿಯುವ ಭಾಷೆಯಲ್ಲೇ ಒಪ್ಪಿಗೆ ಪಡೆಯಬೇಕೆಂಬುದು ನಿಯಮ. ಅಕ್ಕ ಆರು ಸಲ ಬಸ್ಸಿನಲ್ಲಿ ಹೋಗಿ ಬಂದರು. ಆಮೇಲೆ? ‘ಅದೇನಾಯ್ತೋ ಗೊತ್ತಿಲ್ಲ ಕಣವ್ವ’ ಎನ್ನುತ್ತಾರೆ. ಸಹಿಗೆ ಕನ್ನಡ ಬೇಕಾಯಿತು. ಫಲಿತಾಂಶಕ್ಕೆ ಬೇಕಾಗಲಿಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ನೀವು ಸಮಕುಲಾಧಿಪತಿಗಳು. 1996ರಲ್ಲಿ ಶುರುವಾದ ಆ ಒಂದೇ ವಿಶ್ವವಿದ್ಯಾಲಯದ ಕೆಳಗೆ ಅಲೋಪತಿ, ಆಯುರ್ವೇದ, ಹೋಮಿಯೋಪತಿ, ಯುನಾನಿ, ಪ್ರಕೃತಿ ಚಿಕಿತ್ಸೆ ಎಲ್ಲ ಕಾಲೇಜುಗಳೂ ಬರುತ್ತವೆ. ಎಂ.ಡಿ. ಓದುವ ಪ್ರತಿಯೊಬ್ಬರೂ ಒಂದು ಸಂಶೋಧನಾ ಪ್ರಬಂಧ ಬರೆಯಲೇಬೇಕು. ನಮ್ಮ ಮೈಸೂರಿನಲ್ಲೇ ನೋಡಿ. 1908ರಲ್ಲಿ ಶುರುವಾದ ಸರ್ಕಾರಿ ಆಯುರ್ವೇದ ಕಾಲೇಜಿದೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಇಲ್ಲಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜಿದೆ. ಒಂದರಿಂದ ಇನ್ನೊಂದಕ್ಕೆ ನಡೆದುಕೊಂಡೇ ಹೋಗಬಹುದು. ಎರಡೂ ಕಡೆ ಸಂಧಿವಾತದ ರೋಗಿಗಳು ಬರುತ್ತಾರೆ, ಎಷ್ಟೋ ಸಲ ಅವೇ ರೋಗಿಗಳು.

ನನ್ನ ಕೋರಿಕೆ ಇಷ್ಟು. ಪ್ರತಿ ಪ್ರಬಂಧದ ಜೊತೆ ಎರಡು ಪುಟದ ಕನ್ನಡ ಸಾರಾಂಶ ಕಡ್ಡಾಯ ಮಾಡಿ. ಏನು ನೋಡಿದೆವು, ಎಷ್ಟು ಜನರಲ್ಲಿ ನೋಡಿದೆವು, ಏನು ಕಂಡಿತು, ಏನು ಕಾಣಲಿಲ್ಲ, ಯಾರು ಇದನ್ನು ತಗೊಳ್ಳಬಾರದು. ‘ಪ್ರಯೋಜನ ಆಗಲಿಲ್ಲ’ ಎಂಬ ಫಲಿತಾಂಶವೂ ಬರಲಿ, ನಮಗೆ ಅದೂ ಬೇಕು. ಆಯುರ್ವೇದದ ಸಾರಾಂಶವನ್ನು ಒಬ್ಬ ಅಲೋಪತಿ ಡಾಕ್ಟರು ಓದಲಿ. ಅಲೋಪತಿಯದನ್ನು ಆಯುರ್ವೇದದವರು ಓದಲಿ. ಆಮೇಲೆ ಎಲ್ಲರಿಗೂ ಪುಕ್ಕಟೆಯಾಗಿ ಓದಲು ಸಿಗಲಿ. ಹೀಗೆ ಬರೆದ, ಬರೆಸಿದ ಮೇಷ್ಟ್ರುಗಳಿಗೆ ವಿಶ್ವವಿದ್ಯಾಲಯ ತನ್ನ ಕಡೆಯಿಂದ ಅಂಕವನ್ನೋ ಗೌರವವನ್ನೋ ಕೊಡಲಿ. ರಾಷ್ಟ್ರದ ನಿಯಮ ನಿಮ್ಮ ಕೈಯಲ್ಲಿಲ್ಲ, ಇದು ಇದೆ. ಸರ್ಕಾರ ಗ್ರಂಥಾಲಯಗಳಿಗೆ ಆರೋಗ್ಯದ ಪುಸ್ತಕ ಕೊಳ್ಳುವಾಗಲೂ ಇಬ್ಬರು ವೈದ್ಯರು ಅಳತೆ, ಎಚ್ಚರಿಕೆ ಓದಿ ಸಹಿ ಹಾಕಿರಲಿ.

ಎಂಬಿಬಿಎಸ್ ಅನ್ನೇ ಕನ್ನಡದಲ್ಲಿ ಕಲಿಸಿ ಎನ್ನುವವರಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶ ಮೂರು ವಿಷಯಗಳ ಪಠ್ಯಪುಸ್ತಕವನ್ನು ಹಿಂದಿಯಲ್ಲಿ ತಂದಿತು. ಅದರಲ್ಲಿ ಇಂಗ್ಲಿಷ್ ಪದಗಳೇ ದೇವನಾಗರಿ ಲಿಪಿಯಲ್ಲಿ ತುಂಬಿವೆ. ಅದರಲ್ಲಿ ತಪ್ಪೇನೂ ಇಲ್ಲ, ಶುರುವಿನಲ್ಲಿ ಹಾಗೆಯೇ. ಕನ್ನಡದಲ್ಲೂ ಆ ದಿನ ಬರಲಿ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಕೇಳಿತು, ಅದೂ ಒಳ್ಳೆಯದೇ. ನನಗೆ ಅದಕ್ಕಿಂತ ಮೊದಲು ಬೇಕಾದದ್ದು, ರೋಗಿಗೆ ಎರಡು ಪುಟ ತಿಳಿಸಿ ಬರೆಯಬಲ್ಲ ಡಾಕ್ಟರು. ಹೊರ ರಾಜ್ಯದ ವಿದ್ಯಾರ್ಥಿಗಳಿಗೆ ನಾವು ‘ಎಲ್ಲಿ ನೋವು? ಎಷ್ಟು ದಿನದಿಂದ?’ ಎಂದು ಕೇಳುವಷ್ಟು ಕನ್ನಡ ಕಲಿಸುತ್ತೇವೆ. ಕೇಳಿದ ಮೇಲೆ ಉತ್ತರವನ್ನೂ ಕನ್ನಡದಲ್ಲಿ ಕೊಡಬೇಕಲ್ಲವೇ? ಬರೆಯಲು ಬಾರದವರಿಗೆ ಕಲಿಸೋಣ. ಮೊದಲ ವರ್ಷ ಕೆಲವು ಸಾರಾಂಶ ಒರಟಾಗಿ ಬರುತ್ತವೆ, ಬರಲಿ.

ಸುಮ್ನೆ ಕೇಳಿ ಕೂರುವವಳಲ್ಲ ನಾನು. ನೀವು ಶುರು ಮಾಡಿದರೆ ಮೊದಲ 50 ಸಾರಾಂಶಗಳ ಕರಡನ್ನು ನಾನು ತಿದ್ದಿಕೊಡುತ್ತೇನೆ. ದುಡ್ಡು ಬೇಡ. ಮಿ.ಗ್ರಾಂ ಇದ್ದಲ್ಲೆಲ್ಲ ಎರಡೆರಡು ಸಲ ನೋಡುತ್ತೇನೆ. ನಾನು ನೋಡಿದ ಮೇಲೆ ಅಮ್ಮ ಓದುತ್ತಾರೆ, ಅವರನ್ನು ಆಗಲೇ ಒಪ್ಪಿಸಿದ್ದೇನೆ. ಪೆನ್ಸಿಲ್ ಹೆರೆದು ಇಟ್ಟುಕೊಂಡಿದ್ದಾರೆ. ಅವರು ಸೊನ್ನೆ ಸುತ್ತಿದ ಸಾಲುಗಳನ್ನು ಮಾತ್ರ ಬರೆದ ಡಾಕ್ಟರಿಗೆ ವಾಪಸ್ ಕಳಿಸುತ್ತೇವೆ, ಇನ್ನೊಮ್ಮೆ ಬರೆಯಲಿ ಅಂತ.

ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ,

ಒಬ್ಬ ಕರಡು ತಿದ್ದುವವಳು
ಮೈಸೂರು